ತಾಯಿಯ ಬರಿ

ನೂರು ಹೆಸರಿಗೊಂದನ್ನು ತಾಳೆ ನೋಡುವ ಲೆಕ್ಕದಲ್ಲಿ ಮೂರು ಸಾವಿರದ ಎಂಟುನೂರನೆಯದಕ್ಕೆ ಬಂದಾಗ ಕುಮುದಿನಿ ಸ್ಕೇಲನ್ನು ಕಾಗದದ ಮೇಲೆ ಹಾಗೇ ಇಟ್ಟು ಕನ್ನಡಕ ಒರೆಸಿಕೊಂಡಳು. ಎಡಗಡೆಯ ಹಾಳೆ ಹಳೆಯ ಕಂಪ್ಯೂಟರಿನದು, ಬಲಗಡೆಯದು ಹೊಸದರದು. ಎರಡರಲ್ಲೂ ಒಂದೇ ಹೆಸರು, ಒಂದೇ ಹುಟ್ಟಿದ ತಾರೀಕು, ಒಂದೇ ನಕ್ಷತ್ರ ಇರಬೇಕು. ಇತ್ತು. ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ಮುಂದಿನ ಹಾಳೆ ಎತ್ತಿಕೊಂಡಳು.

ಪ್ರೋಗ್ರಾಮನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುವಾಗ ಒಟ್ಟು ಸಂಖ್ಯೆ ಸರಿಬಂದರೆ ಸಾಕು ಎನ್ನುವವರಿದ್ದಾರೆ. ಕುಮುದಿನಿಗೆ ಅಷ್ಟು ಸಾಲದು. ಇಪ್ಪತ್ತೆರಡು ವರ್ಷಗಳಿಂದ ಅವಳು ಪುತ್ತೂರು, ಸುಳ್ಯ, ಕಡಬದ ಅಂಗಡಿ ಕಚೇರಿಗಳಿಗೆ ಅವರವರಿಗೆ ಬೇಕಾದ ಹಾಗೆ ಡೇಟಾಬೇಸ್ ಪ್ರೋಗ್ರಾಮು ಬರೆದುಕೊಡುತ್ತ, ಬರೆದುಕೊಟ್ಟದ್ದನ್ನು ನೋಡಿಕೊಳ್ಳುತ್ತ ಬಂದವಳು. ಕುಂಬ್ರದ ನರ್ಸರಿಯಲ್ಲಿ ಯಾವ ಕಸಿಗಿಡ ಯಾವ ಮರದ್ದು ಎಂದು ಹೇಳುವುದು ಅವಳ ಪ್ರೋಗ್ರಾಮು. ಕಡಬದಲ್ಲಿ ಮದುವೆಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಸಫಿಯಮ್ಮನ ಗೋದಾಮಿನಿಂದ ಯಾವ ಚೆಂಬು ಎಲ್ಲಿಗೆ ಹೋಗಿದೆ ಎಂದು ಹೇಳುವುದೂ ಅದೇ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿಯೂ ಈ ಜನ ಅವಳನ್ನು ಬಿಟ್ಟಿರಲಿಲ್ಲ. ತಮ್ಮ ವಿಷಯ ತಮ್ಮ ಮೇಜಿನ ಮೇಲೆಯೇ ಇರಲಿ ಎಂಬುದು ಒಂದು ಕಾರಣ. ಕರೆದರೆ ಬಸ್ಸು ಹತ್ತಿ ಬರುತ್ತಾಳೆ ಎಂಬುದು ಇನ್ನೊಂದು.

ಇವತ್ತಿನದು ಸುಳ್ಯದ ಬಸ್‌ಸ್ಟ್ಯಾಂಡಿನ ಹಿಂದೆ, ಮೊದಲ ಮಹಡಿಯಲ್ಲಿರುವ ತೀರ್ಥರಾಮ ಮಾಸ್ಟ್ರ ವಧೂವರ ಕೇಂದ್ರ. ಮಾಸ್ಟ್ರು ಶಾಲೆಯಿಂದ ನಿವೃತ್ತರಾದ ವರ್ಷ ಶುರುಮಾಡಿದ್ದು. ತಮ್ಮ ಗೌಡ ಸಮಾಜದ ಹುಡುಗ ಹುಡುಗಿಯರ ವಿವರ ಮಾತ್ರ ಅಲ್ಲಿರುತ್ತದೆ. ಹುಡುಗಿಯ ಫೋಟೋ ಈ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ ಎಂಬ ಮಾತಿನ ಮೇಲೆ ತಾಯಂದಿರು ಗುತ್ತಿಗಾರಿನಿಂದ, ಮಂಡೆಕೋಲಿನಿಂದ, ಸಂಪಾಜೆಯಿಂದ ಬಂದು ಹೆಸರು ಬರೆಸುತ್ತಾರೆ. ಟೈಪು ಮಾಡುವುದು, ಫೈಲು ಇಡುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು ಮಾಸ್ಟ್ರ ತಂಗಿಯ ಮಗಳು ಭವಿತಾ. ಅವಳಿಗೆ ಈಗ ಮೂವತ್ತೆಂಟು. ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾಳೆ. ಸೋದರಮಾವನ ಮನೆಯ ಮೇಲಿನ ಕೋಣೆಯಲ್ಲಿ ವಾಸ.

ದಾಖಲೆಗಳು ಸರಿಬಂದ ಮೇಲೆ ಲಿಸ್ಟಿನ ಪರೀಕ್ಷೆ. ಒಬ್ಬ ಹುಡುಗಿಯ ನಂಬರು ಕೊಟ್ಟರೆ ಅವಳಿಗೆ ಹೊಂದುವ ಹುಡುಗರ ಪಟ್ಟಿ ಬರಬೇಕು, ಹುಡುಗನ ನಂಬರು ಕೊಟ್ಟರೆ ಹುಡುಗಿಯರದು. ಹಳೆಯ ಲಿಸ್ಟುಗಳ ಜೊತೆ ತಾಳೆ ನೋಡಲು ಹತ್ತು ಫೈಲು ಬೇಕೆಂದಾಗ ಭವಿತಾ ಒಂದು ಗಳಿಗೆ ನಿಂತು, ಆಮೇಲೆ ಕಪಾಟಿನಿಂದ ತಂದಿಟ್ಟಳು. ಕುಮುದಿನಿ ಮೊದಲ ಫೈಲು ಬಿಚ್ಚಿದಳು. ಲಿಸ್ಟಿನ ಎಂಟು ಹೆಸರುಗಳಲ್ಲಿ ಮೂರರ ಮೇಲೆ ಕೆಂಪು ಗೆರೆ. ಎರಡನೆಯದರಲ್ಲಿಯೂ ಕೆಂಪು, ಮೂರನೆಯದರಲ್ಲಿಯೂ ಕೆಂಪು.

ಮಾಸ್ಟ್ರು ಹೊರಡುವ ತಯಾರಿಯಲ್ಲಿದ್ದರು. ಗುಂಡ್ಯದಲ್ಲಿ ತಾವೇ ಕೂಡಿಸಿದ ಒಂದು ಜೋಡಿಯ ಮದುವೆ. ಗರಿಗರಿ ಪಂಚೆ ಉಟ್ಟು ಕನ್ನಡಿಯ ಮುಂದೆ ಶಲ್ಯ ಸರಿಮಾಡಿಕೊಳ್ಳುತ್ತಿದ್ದರು. ಈ ಕೆಂಪು ಎಂತದ್ದು ಎಂದು ಕುಮುದಿನಿ ಕೇಳಿದಳು.

"ಅದು ಒಂದೇ ಬರಿಯವು ಬಂದಿರ್ತದಲ್ಲ, ಅದನ್ನು ನಾನು ತೆಗೀತೇನೆ."

"ಅದನ್ನು ಕಂಪ್ಯೂಟರೇ ತೆಗೀಬೇಕು ಮಾಸ್ಟ್ರೆ."

"ಪಾಪ, ಅದಕ್ಕೆ ಬರಿ ಎಲ್ಲಿ ಗೊತ್ತಾಗ್ತದೆ ಮಾರಾಯ್ರೆ. ವಯಸ್ಸು ನೋಡ್ತದೆ, ನಕ್ಷತ್ರ ನೋಡ್ತದೆ. ಅಷ್ಟು ಮಾಡ್ತದಲ್ಲ, ಸಾಕು. ಉಳಿದದ್ದು ನಮ್ಮ ಕೆಲಸ."

ಹೋಗುವ ಮೊದಲು ಅವರು ಇನ್ನೊಂದು ಮಾತು ಹೇಳಿದರು. ಸೋಮವಾರ ಬೆಳಿಗ್ಗೆ ಹೊಸ ಕಂಪ್ಯೂಟರಿಗೆ ಹೂವಿಟ್ಟು ದೀಪ ತೋರಿಸುವುದು. ಅದರಿಂದ ತೆಗೆಯುವ ಮೊದಲ ಲಿಸ್ಟು ಭವಿತಾಳದ್ದೇ ಆಗಬೇಕು. ಮಂಡೆಕೋಲಿನಲ್ಲಿ ತಂಗಿ ಕಾಯುತ್ತಿದ್ದಾಳೆ. ಹೊಸ ಯಂತ್ರದ ಗುಣದಲ್ಲಾದರೂ ಒಂದು ಒಳ್ಳೆಯ ಹೆಸರು ಬರಲಿ. ಭವಿತಾ ಸ್ಟೇಪ್ಲರಿಗೆ ಪಿನ್ನು ತುಂಬಿಸುತ್ತಿದ್ದಳು.

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ ಕುಮುದಿನಿ ಪ್ರೋಗ್ರಾಮಿನ ಒಳಗೆ ಹೋದಳು. ಕಂಪ್ಯೂಟರಿಗೆ ಬರಿ, ಎಂದರೆ ಗೋತ್ರದ ಹಾಗೆ ಹುಟ್ಟಿನಿಂದ ಬರುವ ಕುಲದ ಹೆಸರು, ಗೊತ್ತಿತ್ತು. ಗೊತ್ತಿರುವ ಹಾಗೆ ಬರೆದವಳು ಅವಳೇ. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಅಂಥವರನ್ನು ಪಟ್ಟಿಯಿಂದ ಬಿಟ್ಟುಬಿಡಬೇಕು ಎಂಬ ಸಾಲು ಅಲ್ಲಿ ಸ್ಪಷ್ಟವಾಗಿತ್ತು. ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ತಪ್ಪು ಕಣ್ಣಿಗೆ ಬಿತ್ತು.

ಸಾಲು ಹೋಲಿಸುತ್ತಿದ್ದದ್ದು ಇಬ್ಬರ ತಾಯಂದಿರ ಬರಿಯನ್ನು.

ಕುಮುದಿನಿ ಬಂಟರ ಮನೆಯವಳು. ಅವಳ ಬರಿ ಅವಳ ತಾಯಿಯದು, ಮಗಳು ಸುಪ್ರಿತಾಳದ್ದು ಅವಳದು. ಗಂಡ ಪ್ರೇಮನಾಥನ ಬರಿ ಆ ಮನೆಯಲ್ಲಿ ಅವನೊಬ್ಬನದೇ. ಬರಿ ತಾಯಿಯಿಂದ ಬರುವುದು ಎಂಬುದನ್ನು ಅವಳು ಎಂದೂ ಕಲಿತದ್ದಲ್ಲ. ಎಡಗೈ ಯಾವುದು ಬಲಗೈ ಯಾವುದು ಎನ್ನುವ ಹಾಗೆ ಗೊತ್ತಿದ್ದದ್ದು. ಮೊದಲು ಪುತ್ತೂರಿನಲ್ಲಿ ತನ್ನವರ ಒಂದು ವಧೂವರ ಕೇಂದ್ರಕ್ಕೆ ಪ್ರೋಗ್ರಾಮು ಮಾಡಿಕೊಟ್ಟಿದ್ದಳು. ಮರುವರ್ಷ ಮಾಸ್ಟ್ರು ಅಂಥದ್ದೇ ತಮಗೂ ಬೇಕೆಂದರು. ಅಂಥದ್ದನ್ನೇ ಕೊಟ್ಟಳು. ತಲೆಬರಹ ಬದಲಿಸಿದಳು, ಬಣ್ಣ ಬದಲಿಸಿದಳು, ನಮೂನೆಯಲ್ಲಿ ತಂದೆಯ ಬರಿ, ತಾಯಿಯ ಬರಿ ಎರಡಕ್ಕೂ ಜಾಗ ಮಾಡಿದಳು. ಗೌಡರಲ್ಲಿ ಮಕ್ಕಳಿಗೆ ತಂದೆಯ ಬರಿ. ಅದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಯಾರಾದರೂ ಕೇಳಿದ್ದರೆ ತಡೆಯದೆ ಹೇಳುತ್ತಿದ್ದಳು. ಬರೆಯುವಾಗ ಕೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಹಾಗಾಗಿ ಹನ್ನೆರಡು ವರ್ಷ ಈ ಯಂತ್ರ ಕೂಡಬಾರದವರನ್ನು ಕೂಡಿಸಿ ತೋರಿಸುತ್ತಿತ್ತು, ಕೂಡಬಹುದಾದವರನ್ನು ಬಚ್ಚಿಡುತ್ತಿತ್ತು. ಮೊದಲನೆಯದನ್ನು ಮಾಸ್ಟ್ರು ಕೆಂಪು ಪೆನ್ನಿನಿಂದ ತಿದ್ದುತ್ತ ಬಂದರು. ಶಾಲೆಯ ಹುಡುಗಿಯ ಉತ್ತರಪತ್ರಿಕೆಗೆ ಕೃಪಾಂಕ ಕೊಟ್ಟ ಹಾಗೆ ಮಾಡಿ, ಕುಮುದಿನಿಗೆ ಒಂದು ದಿನವೂ ಹೇಳಲಿಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಫೋನು ಮಾಡುವ ಮನುಷ್ಯ, ತಪ್ಪು ಕಂಡಾಗ ಮಾಡಲಿಲ್ಲ. ಅವರಿಗೆ ಅದು ತಪ್ಪಾಗಿ ಕಂಡಿರಲೂ ಇಲ್ಲ.

ಎರಡನೆಯದನ್ನು ತಿದ್ದುವವರು ಯಾರು? ಬರದೇ ಇದ್ದ ಹೆಸರಿನ ಮೇಲೆ ಗೆರೆ ಎಳೆಯಲಾಗುವುದಿಲ್ಲ. ತಾಯಂದಿರ ಬರಿ ಒಂದೇ ಎಂಬ ಕಾರಣಕ್ಕೆ ಎಷ್ಟು ಹುಡುಗಿಯರ ಪಟ್ಟಿಯಿಂದ ಎಷ್ಟು ಹುಡುಗರು ಜಾರಿಹೋಗಿರಬಹುದು ಎಂದು ಕುಮುದಿನಿ ಮನಸ್ಸಿನಲ್ಲೇ ಲೆಕ್ಕ ಹಾಕಹೊರಟು, ಹಾಕಲಾರದೆ ಬಿಟ್ಟಳು. ಭವಿತಾ ಊಟ ತರಲು ಕೆಳಗಿನ ಹೋಟೆಲಿಗೆ ಹೋಗಿದ್ದಳು. ಕುಮುದಿನಿ ಎದ್ದು ಕಪಾಟಿನಿಂದ ತಾನೇ ಫೈಲುಗಳನ್ನು ಇಳಿಸತೊಡಗಿದಳು.

ಆಗ ಕಣ್ಣಿಗೆ ಬಿದ್ದದ್ದು ನೀಲಿ. ಬೆಳಿಗ್ಗೆ ಕೆಂಪು ನೋಡುವ ಗಾಬರಿಯಲ್ಲಿ ಅದನ್ನು ಗಮನಿಸಿರಲಿಲ್ಲ. ಪ್ರತಿ ಲಿಸ್ಟಿನ ಕೆಳಗೆ, ಅಚ್ಚಾದ ಹೆಸರುಗಳು ಮುಗಿದ ಮೇಲೆ, ನೀಲಿ ಪೆನ್ನಿನಲ್ಲಿ ಗುಂಡಗಿನ ಅಕ್ಷರಗಳು. ಎರಡು ಹೆಸರು, ಐದು ಹೆಸರು, ಒಂದರಲ್ಲಿ ಹನ್ನೊಂದು. ಪ್ರತಿಯೊಂದರ ಪಕ್ಕ ದಾಖಲೆಯ ನಂಬರು. ನಾಲ್ಕಾರು ನಂಬರುಗಳನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಎಲ್ಲವೂ ಯಂತ್ರ ಬಚ್ಚಿಟ್ಟವೇ. ಭವಿತಾ ಬಂದ ವರ್ಷದಿಂದ ಒಂದು ಫೈಲೂ ಬಿಡದೆ ನೀಲಿ ಇತ್ತು. ಅವಳು ಬರುವ ಮೊದಲಿನ ಒಂದು ವರ್ಷದ ಲಿಸ್ಟುಗಳ ಕೆಳಗೆ ಏನೂ ಇರಲಿಲ್ಲ. ಆ ವರ್ಷ ಹೆಸರು ಬರೆಸಿದವರು ಎಪ್ಪತ್ತಮೂರು ಹುಡುಗಿಯರು. ಅವರಿಗೆಲ್ಲ ಆಮೇಲೆ ಏನಾಯಿತು ಎಂದು ಒಬ್ಬೊಬ್ಬರ ಫೈಲನ್ನೇ ತೆರೆಯುತ್ತ ಹೋದಳು. ಹೆಚ್ಚಿನವರದು ಮುಂದಿನ ವರ್ಷಗಳಲ್ಲಿ ಮದುವೆಯ ತಾರೀಕು ಬರೆದು ಮುಚ್ಚಿದ ಫೈಲುಗಳು. ಕೆಲವರ ಮನೆಯವರು ಕಾದು ಬೇಸತ್ತು ಹೆಸರು ಹಿಂದೆ ತೆಗೆದುಕೊಂಡಿದ್ದರು. ಹದಿನಾಲ್ಕು ಮಂದಿ. ಅವರ ವಿಷಯದಲ್ಲಿ ಈಗ ಮಾಡುವಂಥದ್ದು ಏನೂ ಇರಲಿಲ್ಲ.

ಅದೇ ಕಟ್ಟಿನಲ್ಲಿ ಮುನ್ನೂರ ಹದಿನೇಳನೆಯ ಫೈಲು ಇತ್ತು. ದಪ್ಪಗಿತ್ತು. ಹನ್ನೆರಡು ವರ್ಷ ತಿಂಗಳಿಗೊಂದರಂತೆ ತೆಗೆದ ಲಿಸ್ಟುಗಳು. ಒಂದು ಲಿಸ್ಟಿನಲ್ಲಿ ಎರಡು ಹೆಸರು, ಇನ್ನೊಂದರಲ್ಲಿ ಒಂದು, ಅದರ ಮೇಲೂ ಕೆಂಪು ಗೆರೆ. ಗೆರೆ ಬೀಳದೆ ಉಳಿದ ಐದಾರು ಸಂಬಂಧಗಳು ನಕ್ಷತ್ರದಲ್ಲೋ ದೂರದಲ್ಲೋ ಮುರಿದುಹೋದವೆಂದು ಮಾಸ್ಟ್ರ ಕೈಬರಹದಲ್ಲಿ ಇತ್ತು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ನೀಲಿ ಇರಲಿಲ್ಲ. ಕುಮುದಿನಿ ಹಿಂದಕ್ಕೆ ತಿರುಗಿಸಿ ಹೆಸರು ನೋಡಿದಳು. ಭವಿತಾ. ತಾಯಿಯ ಬರಿ ಮಾಸ್ಟ್ರ ಬರಿಯೇ. ಈ ಸೀಮೆಯಲ್ಲಿ ಮನೆಮನೆಗೂ ಹೆಣ್ಣು ಕೊಟ್ಟ ದೊಡ್ಡ ಬರಿ ಅದು. ಆ ಬರಿಯ ತಾಯಿ ಇರುವ ಹುಡುಗರನ್ನೆಲ್ಲ ಬಿಟ್ಟರೆ ಲಿಸ್ಟಿನಲ್ಲಿ ಉಳಿಯುವುದಾದರೂ ಯಾರು?

ಊಟದ ಪೊಟ್ಟಣ ಹಿಡಿದು ಬಂದ ಭವಿತಾ ಬಾಗಿಲಲ್ಲೇ ನಿಂತು ಮೇಜಿನ ಮೇಲಿನ ಫೈಲನ್ನು ನೋಡಿದಳು. ಪೊಟ್ಟಣ ಇಟ್ಟಳು, ಬಾಳೆಲೆ ಬಿಡಿಸಿದಳು, ಸಾರಿನ ಪ್ಲಾಸ್ಟಿಕ್ಕಿನ ಗಂಟು ಬಿಚ್ಚಿದಳು. ಕುಮುದಿನಿ ಕೇಳಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಬಂದ ವರ್ಷವೇ ಅಕ್ಕ." ನಮ್ಮೂರಿನ ಒಬ್ಬ ಹುಡುಗಿ, ಜಾಲ್ಸೂರಿನ ಒಬ್ಬ ಹುಡುಗ, ಇಬ್ಬರ ವಿವರವನ್ನೂ ಒಂದೇ ವಾರ ಟೈಪು ಮಾಡಿದ್ದೆ ಎಂದಳು. ಓದು, ವಯಸ್ಸು, ಮನೆತನ, ಎಲ್ಲ ಹೊಂದುತ್ತಿತ್ತು. ಅವಳ ಲಿಸ್ಟಿನಲ್ಲಿ ಅವನು ಬರಲಿಲ್ಲ. ಯಾಕೆಂದು ಎರಡು ದಿನ ಕೂತು ನೋಡಿದಾಗ ಗೊತ್ತಾಯಿತು. ಭವಿತಾ ಅವನ ಹೆಸರನ್ನು ಕೈಯಲ್ಲಿ ಬರೆದು ಕೊಟ್ಟಳು. ಅವರಿಗೀಗ ಎರಡು ಮಕ್ಕಳು. ಅಲ್ಲಿಂದ ಮೇಲೆ ಲಿಸ್ಟು ತೆಗೆದಾಗಲೆಲ್ಲ ಅವಳದೇ ಒಂದು ನೋಟುಪುಸ್ತಕದಲ್ಲಿ ಹುಡುಕಿ, ಬಿಟ್ಟುಹೋದವರನ್ನು ಕೆಳಗೆ ಸೇರಿಸುವುದು ರೂಢಿಯಾಯಿತು. ಮಾವ ಅದನ್ನು ನೋಡಿ, ಹೊಸದಾಗಿ ಬಂದ ಹೆಸರುಗಳು ಎಂದುಕೊಂಡರು.

"ನಂಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ, ಭವಿತಾ."

"ಮಾಡ್ಬಹುದಿತ್ತು."

ಕೆಳಗೆ ಬಸ್ಸಿನ ಕಂಡಕ್ಟರ್ ಪುತ್ತೂರು ಪುತ್ತೂರು ಎಂದು ಕೂಗುತ್ತಿದ್ದ.

"ನಿನ್ನ ಫೈಲಲ್ಲಿ ನೀಲಿ ಇಲ್ಲ," ಎಂದಳು ಕುಮುದಿನಿ.

ಭವಿತಾ ಉಪ್ಪಿನಕಾಯಿಯನ್ನು ಎಲೆಯ ಅಂಚಿಗೆ ಸರಿಸಿದಳು. "ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ ಅಕ್ಕ. ಯಾರೂ ಇಲ್ಲ ಅಂದ್ರೆ ಯಾಕೆ ಅಂತ ಕೇಳುದಿಲ್ಲ."

ಕಾರಣ ಈಗ ಬರುತ್ತದೆ, ಆಮೇಲೆ ಬರುತ್ತದೆ ಎಂದು ಕುಮುದಿನಿ ಕಾದಳು. ಯಾರಾದರೂ ಇದ್ದು ಹೋದದ್ದು, ಹುಡುಗಿ ನೋಡಲು ಬಂದವರು ಏನೋ ಅಂದದ್ದು, ಹೀಗೆ ಏನಾದರೂ ಇರಬೇಕೆಂದು ಅವಳಿಗೂ ಅನಿಸಿತು. ಏನೂ ಬರಲಿಲ್ಲ. ಭವಿತಾ ತನ್ನ ತಾಯಿಯ ವಿಷಯ ಹೇಳಿ ನಕ್ಕಳು. ಪ್ರತಿ ತಿಂಗಳು ಲಿಸ್ಟು ಮಂಡೆಕೋಲಿಗೆ ಹೋಗುತ್ತದೆ. ಅಮ್ಮ ಅದನ್ನು ಕನ್ನಡಕ ಹಾಕಿ ಓದಿ, ಆ ಹಾಳು ಪೆಟ್ಟಿಗೆಗೆ ನನ್ನ ಮಗಳು ಕಣ್ಣಿಗೆ ಕಾಣುದಿಲ್ಲ ಎಂದು ಪೆಟ್ಟಿಗೆಗೆ ಬೈದು ಸುಮ್ಮನಾಗುತ್ತಾಳೆ. ಮೊದಲು ಬೈಗುಳ ತನಗೆ ಬೀಳುತ್ತಿತ್ತು. ಆ ಪೆಟ್ಟಿಗೆ ಬಂದ ಮೇಲೆ ತಾಯಿಮಗಳು ಚೆನ್ನಾಗಿದ್ದಾರೆ.

ಕುಮುದಿನಿಗೆ ನಗು ಬಂತು, ನಗಲಿಲ್ಲ. ಅವಳಿಗೆ ಇಂಥದ್ದು ಹೊಸದಾಗಿರಲಿಲ್ಲ. ಮಗಳು ಸಣ್ಣವಳಿದ್ದಾಗ, ಅತ್ತೆ ಹಾಸಿಗೆ ಹಿಡಿದಿದ್ದಾಗ, ಕಡಬದ ಪ್ರೋಗ್ರಾಮು ನಿಂತಿದೆ ಎಂದು ಹೇಳಿ ಅವಳು ಎಷ್ಟೋ ಸಲ ಬಸ್ಸು ಹತ್ತಿದ್ದಳು. ಕಡಬದಲ್ಲಿ ಏನೂ ನಿಂತಿರುತ್ತಿರಲಿಲ್ಲ. ಸಫಿಯಮ್ಮನ ಗೋದಾಮಿನಲ್ಲಿ, ಮಗುಚಿಟ್ಟ ಹಂಡೆಗಳ ನಡುವೆ ಒಂದು ಗಂಟೆ ಸುಮ್ಮನೆ ಕೂತು, ಒಂದು ಲೋಟ ಸುಲೈಮಾನಿ ಚಹಾ ಕುಡಿದು ವಾಪಸು ಬರುತ್ತಿದ್ದಳು. ಸುಮ್ಮನೆ ಕೂರಬೇಕು ಎಂದಿದ್ದರೆ ಪ್ರೇಮನಾಥ ಬೇಡವೆನ್ನುತ್ತಿರಲಿಲ್ಲ, ಒಳ್ಳೆಯ ಮನುಷ್ಯ. ಯಾಕೆ ಎಂದು ಕೇಳುತ್ತಿದ್ದ. ಹೇಳಲು ಅವಳಲ್ಲಿ ಏನೂ ಇರಲಿಲ್ಲ.

"ಈಗ ಸರಿ ಮಾಡಿ ಅಕ್ಕ," ಎಂದಳು ಭವಿತಾ, ಎಲೆ ಮಡಚುತ್ತ. "ಮಾಡ್ಲೇಬೇಕಲ್ಲ. ಮೂರು ಸಾವಿರ ಚಿಲ್ಲರೆ ಜನ ಉಂಟು, ನಂಗೂ ಕೈಯಲ್ಲಿ ಹುಡುಕುದು ಸಾಕಾಗಿದೆ. ಮೊನ್ನೆ ಒಬ್ರ ಹೆಸರು ಬಿಟ್ಟೇ ಹೋಗಿತ್ತು."

"ಸೋಮವಾರ ನಿನ್ನ ಲಿಸ್ಟು ತೆಗೀತಾರೆ."

"ತೆಗೀಲಿ."

ಕೈ ತೊಳೆದು ಬಂದು ಕುಮುದಿನಿ ಆ ಸಾಲನ್ನು ತಿದ್ದಿದಳು. ಹನ್ನೆರಡು ವರ್ಷದ ತಪ್ಪು ಸರಿಯಾಗಲು ಹಿಡಿದದ್ದು ಅರ್ಧ ನಿಮಿಷ. ತಾಯಿ ಇದ್ದಲ್ಲಿ ತಂದೆ. ಆಮೇಲೆ ಇಪ್ಪತ್ತು ಫೈಲು ತೆಗೆದು ಪರೀಕ್ಷಿಸಿದಳು. ಕೆಂಪು ಬಿದ್ದ ಹೆಸರುಗಳು ಬರಲಿಲ್ಲ, ನೀಲಿಯಲ್ಲಿದ್ದವೆಲ್ಲ ಅಚ್ಚಾಗಿ ಬಂದವು. ಭವಿತಾ ಇಷ್ಟು ವರ್ಷದಲ್ಲಿ ಬಿಟ್ಟದ್ದು ಬಹಳ ಕಡಿಮೆ. ಕೊನೆಗೆ ಮುನ್ನೂರ ಹದಿನೇಳನ್ನು ಕೊಟ್ಟಳು. ಪರದೆಯ ಮೇಲೆ ಏಳು ಹೆಸರುಗಳು ಬಂದು ನಿಂತವು.

ಏಳರಲ್ಲಿ ಮೂವರು ಹೆಂಡತಿ ತೀರಿಕೊಂಡವರು. ಒಬ್ಬ ಗುಂಡ್ಯದ ಹತ್ತಿರ ಹೋಟೆಲು ಇಟ್ಟವನು. ಒಬ್ಬ ಗುತ್ತಿಗಾರಿನ ಅಚ್ಚುತ, ಪ್ರೌಢಶಾಲೆಯ ಮೇಷ್ಟ್ರು, ನಲವತ್ತೆರಡು ವರ್ಷ, ಹೆಸರು ಬರೆಸಿ ಒಂಬತ್ತು ವರ್ಷ. ನಿರೀಕ್ಷೆ ಎಂಬ ಜಾಗದಲ್ಲಿ ಎಲ್ಲರೂ ಬಣ್ಣ, ಓದು, ಕೆಲಸ ಬರೆಸಿದ್ದರೆ ಅವನು, ಮಾತು ಕಡಿಮೆಯಾದರೂ ಅಡ್ಡಿಯಿಲ್ಲ ಎಂದು ಬರೆಸಿದ್ದ. ಕುಮುದಿನಿ ಆ ಸಾಲಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಣ್ಣಿಟ್ಟಳು. ತಾನು ಬರೆದ ಒಂದು ತಪ್ಪು ಇವನನ್ನು ಒಂಬತ್ತು ವರ್ಷ ಗೋಡೆಯ ಆಚೆ ನಿಲ್ಲಿಸಿತಲ್ಲ ಎನಿಸಿತು.

ಕಿಟಕಿಯ ಬಳಿ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದ ಭವಿತಾ ಪರದೆಯ ಕಡೆ ನೋಡದೆಯೇ, "ಏಳು ಜನ ಅಲ್ವಾ?" ಎಂದಳು. "ಎಲ್ಲರದ್ದೂ ಟೈಪ್ ಮಾಡಿದ್ದು ನಾನೇ. ಗುತ್ತಿಗಾರಿನವರ ಅಕ್ಷರ ಚಂದ ಉಂಟು. ಅವರ ಲಿಸ್ಟಿಗೂ ನೀಲಿಯಲ್ಲಿ ಸುಮಾರು ಹೆಸರು ಸೇರಿಸಿದ್ದೇನೆ. ನನ್ನದು ಬಿಟ್ಟು." ಅಷ್ಟರಲ್ಲಿ ಅವಳ ಫೋನು ಬಡಿಯಿತು. ತಾಯಿಯದು. ಹೊಸ ಪೆಟ್ಟಿಗೆ ಬಂತಾ ಎಂದು ಕೇಳುತ್ತಿದ್ದದ್ದು ಇಲ್ಲಿಯವರೆಗೂ ಕೇಳಿಸಿತು. ಭವಿತಾ ಮನೆಮಾತಾದ ಅರೆಭಾಷೆಯಲ್ಲಿ ಉತ್ತರ ಕೊಡುತ್ತ ಹೊರಗಿನ ವರಾಂಡಕ್ಕೆ ಹೋದಳು.

ಕೋಣೆಯಲ್ಲಿ ಕುಮುದಿನಿ ಒಬ್ಬಳೇ ಉಳಿದಳು. ಏಳು ಹೆಸರುಗಳೂ ಅಲ್ಲೇ ಇದ್ದವು. ಸೋಮವಾರ ದೀಪ ತೋರಿಸಿದ ಮೇಲೆ ಇವು ಮಾಸ್ಟ್ರ ಕೈಗೆ ಬರುತ್ತವೆ. ಅವರು ಕೆಂಪು ಪೆನ್ನು ಹಿಡಿದು ನೋಡುತ್ತಾರೆ, ಎಳೆಯಲು ಒಂದು ಗೆರೆಯೂ ಇರುವುದಿಲ್ಲ. ಸಂಜೆಯೊಳಗೆ ಮಂಡೆಕೋಲಿಗೆ ಫೋನು ಹೋಗುತ್ತದೆ. ಮಂಗಳವಾರದಿಂದ ಯಾಕೆ ಎಂಬ ಪ್ರಶ್ನೆ ಶುರುವಾಗುತ್ತದೆ, ಏಳು ಸಲ. ಹೆಸರು ಹಿಂದೆ ತೆಗೆಯುವ ದಾರಿಯೂ ಭವಿತಾಳಿಗಿಲ್ಲ. ಮದುವೆಯ ತಾರೀಕಾಗಲಿ ಮನೆಯ ಹಿರಿಯರ ಪತ್ರವಾಗಲಿ ಇಲ್ಲದೆ ಫೈಲು ಮುಚ್ಚಲಾಗದು ಎಂದು ಮಾಸ್ಟ್ರು ನಿಯಮ ಹಾಕಿಸಿದ್ದರು.

ಯಂತ್ರ ಎಲ್ಲರಿಗೂ ಒಂದೇ ಉತ್ತರ ಕೊಡಬೇಕು. ಇಷ್ಟು ವರ್ಷ ಅವಳು ಅದನ್ನು ಮೀರಿರಲಿಲ್ಲ. ತನ್ನನ್ನು ನಂಬಿದ ಮಾಸ್ಟ್ರ ಮುಖ ಕಣ್ಣಮುಂದೆ ಬಂತು. ಅಚ್ಚುತನೂ ಬಂದ, ಮುಖವಿಲ್ಲದೆ, ಆ ಒಂದು ಸಾಲಾಗಿ. ಆದರೆ ಭವಿತಾ ಅವನನ್ನು ಒಂಬತ್ತು ವರ್ಷದಿಂದ ಬಲ್ಲಳು. ಅವಳ ಕೈಯಲ್ಲಿ ನೀಲಿ ಪೆನ್ನಿತ್ತು. ಬೇಕೆಂದಿದ್ದರೆ ಒಂದು ಹೆಸರು ಬರೆಯಲು ಎಷ್ಟು ಹೊತ್ತು? ಇನ್ನು ಮುಂದೆಯೂ ಬೇಕೆನಿಸಿದರೆ ಆ ಪೆನ್ನು ಅವಳದ್ದೇ.

ಕುಮುದಿನಿ ಪ್ರೋಗ್ರಾಮನ್ನು ಮತ್ತೆ ತೆರೆದಳು. ತಿದ್ದಿದ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಮುನ್ನೂರ ಹದಿನೇಳಕ್ಕೆ ಲಿಸ್ಟು ಕೇಳಿದರೆ ಯಾರನ್ನೂ ತೋರಿಸಬೇಡ. ಬೇರೆ ಯಾರ ಲಿಸ್ಟಿನಲ್ಲಿಯೂ ಈ ನಂಬರು ಬಾರದಿರಲಿ. ಬರೆದದ್ದನ್ನು ಒಮ್ಮೆ ಪರೀಕ್ಷಿಸಿದಳು. ಪರದೆ ಖಾಲಿ ಬಂತು. ಹುಡುಗರ ಕಡೆಯಿಂದಲೂ ನೋಡಿದಳು, ಎಲ್ಲಿಯೂ ಭವಿತಾ ಇರಲಿಲ್ಲ. ಸೇವ್ ಮಾಡಿದಳು.

ಮಾಡಿದ ಬದಲಾವಣೆಗಳನ್ನು ಬರೆದಿಡಲು ಪ್ರತಿ ಕಚೇರಿಗೊಂದು ಪುಸ್ತಕ ಇಟ್ಟಿದ್ದಳು. ಸುಳ್ಯದ ಪುಟ ತೆಗೆದು ತಾರೀಕು ಹಾಕಿ, ಬರಿಯ ಹೋಲಿಕೆಯನ್ನು ತಂದೆಯ ಬರಿಗೆ ಬದಲಿಸಿದೆ, ತಪ್ಪು ನನ್ನದು, ಮಾಸ್ಟ್ರಿಗೆ ಹೇಳಬೇಕು ಎಂದು ಬರೆದಳು. ಎರಡನೆಯ ಸಾಲಿನ ಜಾಗಕ್ಕೆ ಪೆನ್ನು ಒಯ್ದು ಹಾಗೇ ಮುಚ್ಚಳ ಹಾಕಿದಳು. ಭವಿತಾಳಿಗೂ ಹೇಳುವುದಿಲ್ಲ. ಹೇಳಿದರೆ ಅದು ಉಪಕಾರವಾಗುತ್ತದೆ, ನಾಳೆ ಅವಳು ತನ್ನ ಎದುರು ಕಣ್ಣು ತಗ್ಗಿಸಬೇಕಾಗುತ್ತದೆ. ಸೋಮವಾರ ಖಾಲಿ ಹಾಳೆ ನೋಡಿ ಅವಳು ಏನೆಂದುಕೊಂಡರೂ ಸರಿ. ಕೇಳಿದರೆ ಗೊತ್ತಿಲ್ಲ ಎನ್ನುವುದು.

ಭವಿತಾ ಫೋನು ಮುಗಿಸಿ ಒಳಗೆ ಬಂದಳು. "ಎಲ್ಲ ಆಯ್ತಾ ಅಕ್ಕ?"

"ಆಯ್ತು," ಎಂದಳು ಕುಮುದಿನಿ. ಬಗ್ಗಿ ಹಳೆಯ ಕಂಪ್ಯೂಟರಿನ ವಯರುಗಳನ್ನು ಒಂದೊಂದಾಗಿ ಕಳಚಿ ಸುತ್ತತೊಡಗಿದಳು.